ವ್ಯಾನಿನ ಮೈಗೆ ವಿನೈಲ್ ಹೊದಿಕೆ: ಹಣ ಹಾಕುವ ಮುನ್ನ ತಿಳಿಯಬೇಕಾದ ಸಂಗತಿಗಳು

ಗುಡ್ಡದ ದಾರಿ, ಕೆಸರು ದಾರಿಗಳಲ್ಲಿ ಜೀಪು ಓಡಿಸುವ ಹವ್ಯಾಸವುಳ್ಳ ತರುಣರ ಬಳಗವೊಂದು ನಮ್ಮ ಭಾಗದಲ್ಲಿ ಕೆಲವು ವರ್ಷಗಳಿಂದ ಇರುವುದು ಸದಸ್ಯರೆಲ್ಲರಿಗೂ ತಿಳಿದ ವಿಷಯ. ಅವರಲ್ಲಿ ಹೆಚ್ಚಿನವರು ನಮ್ಮ ಸದಸ್ಯರ ಮಕ್ಕಳೇ. ಇಂಡಿ ತಾಲ್ಲೂಕಿನ ಅಗರಖೇಡದ ಕಡೆಯಿಂದ ಓದಿಗಾಗಿ ಇತ್ತ ಬಂದು ಇಲ್ಲಿಯವರೊಡನೆ ಬೆರೆತ ಇಬ್ಬರು ಮೂವರೂ ಇದ್ದಾರೆ. ಹಗ್ಗ, ಸರಪಳಿ, ಜಾಕು, ಅಡುಗೆ ಪಾತ್ರೆ, ಔಷಧಿ ಪೆಟ್ಟಿಗೆಗಳನ್ನು ಸಾಗಿಸಲು ಬಳಗದವರು ಒಂದು ಬಿಳಿಯ ವ್ಯಾನನ್ನು ಇಟ್ಟುಕೊಂಡಿದ್ದಾರೆ. ಈ ವ್ಯಾನಿಗೆ ಬಣ್ಣದ ಚಿತ್ರ ಮುದ್ರಿಸಿದ ವಿನೈಲ್ ಹಾಳೆಯನ್ನು ಹೊದಿಸಬೇಕು, ಅದರ ಮೇಲೆ ನಮ್ಮ ಸಂಘದ ಹೆಸರೂ ಇರಲಿ, ಖರ್ಚಿನಲ್ಲಿ ಒಂದು ಪಾಲನ್ನು ಸಂಘ ವಹಿಸಲಿ ಎಂದು ಅವರು ಮನವಿ ಕೊಟ್ಟಿದ್ದಾರೆ.

ಮನವಿಯು ಸರ್ವಸದಸ್ಯರ ಸಭೆಗೆ ಬರಲಿದೆ. ಮನೆಯಲ್ಲಿ ಅತಿಥಿಗಳನ್ನು ಇಳಿಸಿಕೊಂಡು ಜೀಪಿನಲ್ಲಿ ಸುತ್ತಾಡಿಸುವ ಸದಸ್ಯರು ಕೆಲವರು ತಮ್ಮ ಗಾಡಿಗೂ ಇಂಥ ಹೊದಿಕೆ ಹಾಕಿಸುವ ವಿಚಾರದಲ್ಲಿದ್ದಾರೆ. ಹೊದಿಕೆಯ ಹಣ ಆಕಾಶದಿಂದ ಬರುವುದಲ್ಲ, ಕಾಫಿ ಕಣದಿಂದಲೂ ಅಡಿಕೆ ಚಪ್ಪರದಿಂದಲೂ ಬರಬೇಕಾದ್ದು. ಸರಿಯಾಗಿ ಮಾಡಿಸಿದ ಹೊದಿಕೆ ಐದಾರು ವರ್ಷ ಬಾಳುತ್ತದೆ. ತಿಳಿಯದೆ ಮಾಡಿಸಿದ್ದು ಎರಡನೆಯ ಮಳೆಗಾಲಕ್ಕೆ ಬಾಳೆಯ ಒಣ ಎಲೆಯಂತೆ ಸೀಳಿ ನೇತಾಡುತ್ತದೆ, ಹೋಗುವಾಗ ಗಾಡಿಯ ಬಣ್ಣವನ್ನೂ ಕಿತ್ತುಕೊಂಡು ಹೋಗುತ್ತದೆ. ಆದ್ದರಿಂದ ಸಭೆಗೆ ಮುಂಚೆ ವಿಷಯವನ್ನು ಎಲ್ಲರಿಗೂ ತಿಳಿಯುವಂತೆ ಇಲ್ಲಿ ವಿವರಿಸುತ್ತೇವೆ.

ಹಾಳೆಯ ಪದರಗಳು

ವಿನೈಲ್ ಎಂದು ಅಂಗಡಿಯಲ್ಲಿ ಕರೆಯುವುದು ಪಾಲಿವಿನೈಲ್ ಕ್ಲೋರೈಡ್ ಎಂಬ ಪ್ಲಾಸ್ಟಿಕ್ಕನ್ನು. ನಮ್ಮ ತೋಟಗಳ ಪಿ.ವಿ.ಸಿ. ನೀರಿನ ಪೈಪೂ ಇದೇ ವಸ್ತು. ಇದು ಸ್ವಭಾವತಃ ಗಡುಸು, ಬಗ್ಗಿಸಿದರೆ ಮುರಿಯುವಂಥದು. 1926ರಲ್ಲಿ ಅಮೆರಿಕದ ಗುಡ್‌ರಿಚ್ ಕಂಪನಿಯಲ್ಲಿ ವಾಲ್ಡೊ ಸೆಮನ್ ಎಂಬ ರಸಾಯನಶಾಸ್ತ್ರಜ್ಞರು ಇದಕ್ಕೆ ಮೆದುಕಾರಕ ದ್ರವಗಳನ್ನು ಬೆರೆಸಿ ಚರ್ಮದಂತೆ ಬಾಗುವ ಗುಣ ಬರಿಸಿದರು. ಪೈಪಾಗಬಲ್ಲ ವಸ್ತು ಹಾಳೆಯಾಗಲೂ ಸಾಧ್ಯವಾದದ್ದು ಹೀಗೆ. ಈ ಮೆದುಕಾರಕವು ಕಾಲಕ್ರಮದಲ್ಲಿ ಹಾಳೆಯಿಂದ ಹೊರಟುಹೋದರೆ ಹಾಳೆ ಮತ್ತೆ ಗಡುಸಾಗಿ ಬಿರಿಯುತ್ತದೆ. ಹಾಳೆಯ ಆಯುಷ್ಯದ ಗುಟ್ಟು ಇಲ್ಲಿದೆ.

ಕಾಫಿ ಹಣ್ಣಿಗೆ ಸಿಪ್ಪೆ, ಲೋಳೆ, ಪಾರ್ಚ್‌ಮೆಂಟು, ಬೆಳ್ಳಿ ಪೊರೆ ಎಂದು ಪದರಗಳಿರುವಂತೆ ಈ ಹಾಳೆಗೂ ಪದರಗಳಿವೆ. ಎಲ್ಲಕ್ಕಿಂತ ಮೇಲೆ ಪಾರದರ್ಶಕವಾದ ರಕ್ಷಣಾ ಪೊರೆ, ಅದನ್ನು ಲ್ಯಾಮಿನೇಷನ್ ಎನ್ನುತ್ತಾರೆ. ಅದರ ಕೆಳಗೆ ಯಂತ್ರದಲ್ಲಿ ಮುದ್ರಿಸಿದ ಶಾಯಿ. ಶಾಯಿಯ ಕೆಳಗೆ ವಿನೈಲ್, ಅದರ ಬೆನ್ನಿಗೆ ಅಂಟು. ಅಂಟನ್ನು ಕಾಯಲು ಕೊನೆಯಲ್ಲೊಂದು ಮೇಣಗಾಗದ, ಅದನ್ನು ಅಂಟಿಸುವಾಗ ಸುಲಿದು ಬಿಸಾಡುತ್ತಾರೆ. ರಕ್ಷಣಾ ಪೊರೆಯಿಲ್ಲದ ಚಿತ್ರ ಬಿಸಿಲಿಗೆ ಬೇಗ ಮಾಸುತ್ತದೆ, ಕೊಂಬೆ ತಗುಲಿದರೆ ಶಾಯಿಯೇ ಗೀಚಿಹೋಗುತ್ತದೆ. ತೋಟದ ದಾರಿಯಲ್ಲಿ ಓಡಾಡುವ ಗಾಡಿಗೆ ಇದಿಲ್ಲದೆ ಕೆಲಸ ಮಾಡಿಸಲೇಬಾರದು.

ಎರಡು ಜಾತಿಯ ಹಾಳೆ

ಮಾರುಕಟ್ಟೆಯಲ್ಲಿ ಹಾಳೆಗಳು ಹತ್ತಾರು ಹೆಸರಿನಲ್ಲಿ ಬಂದರೂ ತಯಾರಿಸುವ ವಿಧಾನ ಎರಡೇ. ಬೆಲೆಯ ವ್ಯತ್ಯಾಸಕ್ಕೆ ಮುಖ್ಯ ಕಾರಣ ಇದು.

ಒಂದು, ಕ್ಯಾಲೆಂಡರ್ಡ್ ಹಾಳೆ. ಬಿಸಿ ಮಾಡಿದ ವಿನೈಲ್ ಹಿಟ್ಟನ್ನು ಉರುಳೆಗಳ ನಡುವೆ ಹಾಯಿಸಿ, ಚಪಾತಿಯಂತೆ ಲಟ್ಟಿಸಿ ತೆಗೆಯುತ್ತಾರೆ. ಸಾಮಾನ್ಯವಾಗಿ 70ರಿಂದ 100 ಮೈಕ್ರಾನ್ ದಪ್ಪ ಇರುತ್ತದೆ. ಎಳೆದು ಮಾಡಿದ್ದರಿಂದ ಇದಕ್ಕೆ ಮತ್ತೆ ಕುಗ್ಗುವ ಗುಣ ಇದೆ. ಚಪ್ಪಟೆಯಾದ ಜಾಗಕ್ಕೆ ಚೆನ್ನಾಗಿ ಹೊಂದುತ್ತದೆ. ಆದರೆ ಬಾಗಿಲಿನ ತಗ್ಗು, ಚಕ್ರದ ಮೇಲಿನ ಕಮಾನುಗಳಂಥ ಕಡೆ ಬಿಸಿಲು ತಾಗಿದ ಕೆಲವೇ ತಿಂಗಳಲ್ಲಿ ಅಂಚಿನಿಂದ ಹಿಂದೆಗೆಯುತ್ತದೆ.

ಎರಡು, ಕಾಸ್ಟ್ ಹಾಳೆ. ವಿನೈಲನ್ನು ದ್ರವರೂಪದಲ್ಲಿ ತೆಳ್ಳಗೆ ಹರಡಿ, ಒಲೆಯಲ್ಲಿ ಹಾಯಿಸಿ ಆರಿಸುತ್ತಾರೆ. ದೋಸೆ ಹುಯ್ದಂತೆ ಎನ್ನಬಹುದು. ದಪ್ಪ ಸುಮಾರು 50 ಮೈಕ್ರಾನ್. ಎಳೆತವಿಲ್ಲದೆ ಹುಟ್ಟಿದ್ದರಿಂದ ಕುಗ್ಗುವ ಗುಣ ಬಹಳ ಕಡಿಮೆ. ಉಬ್ಬುತಗ್ಗುಗಳಿಗೆ ಚರ್ಮದಂತೆ ಕೂರುತ್ತದೆ. ಬೆಲೆ ಹೆಚ್ಚು, ಬಾಳಿಕೆಯೂ ಹೆಚ್ಚು.

ದಪ್ಪ ಹಾಳೆಯೇ ಒಳ್ಳೆಯದೆಂಬ ನಂಬಿಕೆ ನಮ್ಮಲ್ಲಿದೆ. ಟಾರ್ಪಾಲಿನ ವಿಷಯದಲ್ಲಿ ಅದು ಸರಿ. ಇಲ್ಲಿ ಮಾತ್ರ ತೆಳ್ಳಗಿನದೇ ಮೇಲು ದರ್ಜೆಯದು. ನಮ್ಮ ಸದಸ್ಯರೊಬ್ಬರ ಜೀಪಿಗೆ ಪಟ್ಟಣದ ಅಂಗಡಿಯೊಂದರಲ್ಲಿ ದಪ್ಪ ಹಾಳೆಯೆಂದು ಹೊಗಳಿ ಅಗ್ಗದ ಕ್ಯಾಲೆಂಡರ್ಡ್ ಹಾಳೆಯನ್ನೇ ಪೂರ್ತಿ ಮೈಗೆ ಹೊದಿಸಿದರು. ಮೊದಲ ಬೇಸಿಗೆಗೆ ಅಂಚುಗಳು ಎದ್ದವು, ಮಳೆ ನೀರು ಒಳಸೇರಿತು, ಮರುವರ್ಷ ಕಿತ್ತು ನೋಡಿದಾಗ ಬಾನೆಟ್ಟಿನ ಕೆಳಗಡೆ ತುಕ್ಕು ಹಿಡಿದಿತ್ತು. ಅಂಗಡಿಯವರು ಬಿಲ್ಲಿನಲ್ಲಿ ಹಾಳೆಯ ಜಾತಿಯನ್ನೇ ಬರೆದಿರಲಿಲ್ಲವಾದ್ದರಿಂದ ಕೇಳುವ ದಾರಿಯೂ ಇರಲಿಲ್ಲ. ಹಾಳೆಯ ಕಂಪನಿ, ಸರಣಿಯ ಸಂಖ್ಯೆ, ಜಾತಿ ಈ ಮೂರನ್ನೂ ಬಿಲ್ಲಿನಲ್ಲಿ ಬರೆಸಿಕೊಳ್ಳತಕ್ಕದ್ದು.

ಮಳೆಯ ಸೀಮೆ, ಬಿಸಿಲಿನ ಸೀಮೆ

ಬಳಗದ ವ್ಯಾನು ಎರಡು ಬಗೆಯ ಹವೆಯನ್ನು ಕಾಣುವಂಥದು. ಇಲ್ಲಿ ಮಳೆ: ಸಕಲೇಶಪುರದಂಥ ಊರಿನಲ್ಲೇ ವರ್ಷದ ಸರಾಸರಿ 2000 ಮಿ.ಮೀ. ಮೀರುತ್ತದೆ. ಭೀಮಾ ತೀರದ ಅಗರಖೇಡದಲ್ಲಿ ಬಿಸಿಲು: ವಿಜಯಪುರ ಜಿಲ್ಲೆಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿ.ಮೀ., ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಗಾಡಿಯ ತಗಡು ಅದಕ್ಕಿಂತಲೂ ಬಹಳ ಹೆಚ್ಚು ಕಾಯುತ್ತದೆ.

ಮಳೆ ಹಾಳೆಯ ಮೇಲ್ಮೈಯನ್ನು ಕೆಡಿಸುವುದಿಲ್ಲ. ಅದು ಹುಡುಕುವುದು ಅಂಚನ್ನು. ಎಲ್ಲಿ ಅಂಚು ಎದ್ದಿದೆಯೋ ಅಲ್ಲಿ ನೀರು, ಕೆಸರು ಒಳಹೊಕ್ಕು ಅಂಟನ್ನು ಸಡಿಲಿಸುತ್ತದೆ. ಬಿಸಿಲು ಹಾಗಲ್ಲ, ನೇರವಾಗಿ ಹಾಳೆಯ ಜೀವಕ್ಕೇ ಕೈ ಹಾಕುತ್ತದೆ. ಅತಿನೇರಳೆ ಕಿರಣಗಳು ಶಾಯಿಯನ್ನು ಮಾಸಿಸುತ್ತವೆ, ಕಾವು ಮೆದುಕಾರಕವನ್ನು ಹೊರಡಿಸುತ್ತದೆ. ಹೀಗಾಗಿ ಮೊದಲು ಸಾಯುವುದು ಬಾನೆಟ್ಟು ಮತ್ತು ಮೇಲ್ಛಾವಣಿಯ ಹಾಳೆ. ಒಂದೇ ಗಾಡಿಯ ಬದಿಯ ಹಾಳೆ ಇನ್ನೂ ಹೊಸದರಂತಿರುವಾಗ ನೆತ್ತಿಯ ಹಾಳೆ ಬಿರಿದಿರುವುದನ್ನು ನೋಡಬಹುದು. ಕಂಪನಿಯವರು ಬರೆದಿರುವ ವರ್ಷಗಳ ಲೆಕ್ಕ ಸಾಮಾನ್ಯವಾಗಿ ನೆಟ್ಟಗೆ ನಿಂತ ಬದಿಗಳಿಗೆ ಅನ್ವಯಿಸುವುದೇ ಹೊರತು ಮಲಗಿದ ಭಾಗಗಳಿಗಲ್ಲ.

ಈ ಕಾರಣದಿಂದ ವ್ಯಾನಿನ ನೆತ್ತಿಯನ್ನು ಹಾಗೆಯೇ ಬಿಳಿಯಾಗಿ ಬಿಡುವುದು ಜಾಣತನ. ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ, ಒಳಗೆ ಕೂತವರಿಗೂ ಹಿತ. ಕಪ್ಪು ಹೊದಿಕೆ ಹಾಕಿಸಿ ಅಗರಖೇಡದ ಬೇಸಿಗೆಯಲ್ಲಿ ನಿಲ್ಲಿಸಿದರೆ ವ್ಯಾನು ಅಡಿಕೆ ಬೇಯಿಸುವ ಹಂಡೆಯಾದೀತು.

ಚಿತ್ರ ರಚನೆ: ಓದುವವರು ಯಾರು?

ಹುಡುಗರು ತಂದು ತೋರಿಸಿದ ನಕ್ಷೆಯಲ್ಲಿ ಆನೆ, ಗುಡ್ಡ, ಕಾಫಿ ಗಿಡ, ಅಡಿಕೆ ಮರ, ಹಾರುವ ಜೀಪು, ಹದಿನಾಲ್ಕು ಹೆಸರು, ನಾಲ್ಕು ದೂರವಾಣಿ ಸಂಖ್ಯೆ ಎಲ್ಲವೂ ಇದ್ದವು. ಉತ್ಸಾಹಕ್ಕೆ ಮೆಚ್ಚಲೇಬೇಕು. ಆದರೆ ಚಿತ್ರ ಬರೆಯುವ ಮುನ್ನ ಕೇಳಬೇಕಾದ ಪ್ರಶ್ನೆ ಒಂದೇ: ಇದನ್ನು ಓದುವವರು ಯಾರು, ಎಷ್ಟು ದೂರದಿಂದ, ಎಷ್ಟು ಹೊತ್ತು?

2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ, 2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡಗಳು ಜರಿದು ರಸ್ತೆ ಕಡಿದುಹೋದದ್ದು ನಮಗೆಲ್ಲ ನೆನಪಿದೆ. ಅಂಥ ಹೊತ್ತಿನಲ್ಲಿ ಅಕ್ಕಿ, ಔಷಧಿ ಮುಟ್ಟಿಸಲು ಜೀಪುಗಳೇ ಗತಿ. 2020ರ ಅಕ್ಟೋಬರಿನಲ್ಲಿ ಭೀಮಾ ನದಿ ಉಕ್ಕಿ ಇಂಡಿ, ಸಿಂದಗಿ ಕಡೆಯ ತೀರದ ಊರುಗಳ ಹೊಲಮನೆಗಳಿಗೆ ನೀರು ನುಗ್ಗಿತು. ಇಂಥ ಕಡೆಗೆ ಹೋಗುವ ವ್ಯಾನನ್ನು ಓದಬೇಕಾದವರು ರಸ್ತೆಯಲ್ಲಿ ತಡೆಯುವ ಪೊಲೀಸರು, ದಾರಿ ಬದಿಯಲ್ಲಿ ಮಗುವನ್ನು ಎತ್ತಿಕೊಂಡು ನಿಂತ ತಾಯಿ, ಮಬ್ಬು ಬೆಳಕಿನಲ್ಲಿ ಕೈ ಬೀಸುವ ಮುದುಕ. ಅವರಿಗೆ ಹಾರುವ ಜೀಪಿನ ಚಿತ್ರ ಬೇಡ. ಯಾರ ಗಾಡಿ, ಯಾವ ಊರಿನದು, ಯಾವ ಸಂಖ್ಯೆಗೆ ಫೋನು ಮಾಡಬೇಕು ಎಂಬ ಮೂರು ಸಂಗತಿ ಸಾಕು. ಚಿತ್ರ ಇರಲಿ, ಆದರೆ ಈ ಮೂರು ಸಂಗತಿಯನ್ನು ಅದು ಮುಚ್ಚದಿರಲಿ.

ಇನ್ನು ರಚನೆಯ ಕೆಲವು ನಿಯಮಗಳು.

1. ಅಕ್ಷರದ ಎತ್ತರ. ಬೋರ್ಡು ಬರೆಯುವವರ ರೂಢಿಯ ಲೆಕ್ಕವೆಂದರೆ ಹತ್ತು ಅಡಿ ದೂರಕ್ಕೆ ಒಂದು ಅಂಗುಲ ಎತ್ತರ. ನಲವತ್ತು ಅಡಿಯಿಂದ ದೂರವಾಣಿ ಸಂಖ್ಯೆ ಓದಬೇಕಾದರೆ ಅಂಕಿಗಳು ನಾಲ್ಕು ಅಂಗುಲ ಇರಬೇಕು. ಕನ್ನಡದಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತಕ್ಷರ ಬರುವುದರಿಂದ ಈ ಅಳತೆಯನ್ನು ಮೂಲ ಅಕ್ಷರಕ್ಕೇ ಹಿಡಿಯಬೇಕು. ಒತ್ತು ಸೇರಿಸಿ ನಾಲ್ಕು ಅಂಗುಲವೆಂದರೆ ಮೂಲ ಅಕ್ಷರ ಎರಡೂವರೆಗೆ ಇಳಿಯುತ್ತದೆ. ಎರಡು ಸಾಲುಗಳ ನಡುವೆ ಒತ್ತಿಗೂ ಗುಡಿಸಿಗೂ ಬೇರೆ ಬೇರೆ ಜಾಗ ಬಿಡಬೇಕು.

2. ಅಕ್ಷರ ಕೆಡದಂತೆ ಎಚ್ಚರ. ಮುದ್ರಣದ ಅಂಗಡಿಯ ಕಂಪ್ಯೂಟರಿನಲ್ಲಿ ನಮ್ಮ ಅಕ್ಷರಮಾದರಿ ಇಲ್ಲದಿದ್ದರೆ ಒತ್ತುಗಳು ಕಳಚಿ ಬೇರೆ ಕಡೆ ಕೂರುತ್ತವೆ. ನುಡಿಯಲ್ಲಿ ಬೆರಳಚ್ಚು ಮಾಡಿದ್ದು ಯೂನಿಕೋಡಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗುವುದನ್ನು ಸಂಘದ ಕಚೇರಿಯಲ್ಲಿಯೇ ಕಂಡಿದ್ದೇವೆ. ನಕ್ಷೆ ಮುಗಿದ ಮೇಲೆ ಅಕ್ಷರಗಳನ್ನೆಲ್ಲ ಗೆರೆಯ ಆಕೃತಿಗಳಾಗಿ ಮಾರ್ಪಡಿಸಿ ಕೊಡುವಂತೆ ಕೇಳಬೇಕು. ಆಮೇಲೆ ಅವು ಯಾವ ಯಂತ್ರದಲ್ಲೂ ಬದಲಾಗುವುದಿಲ್ಲ. ಮುದ್ರಣಕ್ಕೆ ಮುಂಚೆ ಕಾಗದದ ಮೇಲಿನ ಕರಡನ್ನು ಕನ್ನಡ ಚೆನ್ನಾಗಿ ಬಲ್ಲ ಇಬ್ಬರು ಓದಿ ಸಹಿ ಹಾಕತಕ್ಕದ್ದು.

3. ಜಾರುವ ಬಾಗಿಲು. ಮಾರುತಿ ಈಕೋದಂಥ ವ್ಯಾನಿನ ಬದಿಯ ಬಾಗಿಲು ಹಿಂದಕ್ಕೆ ಜಾರಿ ಹಿಂಬದಿಯ ತಗಡನ್ನು ಮುಚ್ಚುತ್ತದೆ. ಹೆಸರನ್ನು ಬಾಗಿಲ ಮೇಲೂ ತಗಡಿನ ಮೇಲೂ ಹಂಚಿ ಬರೆದರೆ, ಬಾಗಿಲು ತೆರೆದಾಗ ಅರ್ಧ ಹೆಸರು ಮಾಯವಾಗಿ ಉಳಿದರ್ಧ ಬೇರೆಯೇ ಅರ್ಥ ಕೊಡಬಹುದು. ಬಾಗಿಲು ತೆರೆದ, ಮುಚ್ಚಿದ ಎರಡೂ ಸ್ಥಿತಿಯಲ್ಲಿ ನಕ್ಷೆಯನ್ನು ನೋಡಬೇಕು. ಬಾಗಿಲ ಹಿಡಿ, ಪೆಟ್ರೋಲ್ ಮುಚ್ಚಳ, ತಗಡಿನ ಸಂದುಗಳ ಮೇಲೆ ಅಕ್ಷರ ಬೀಳಬಾರದು.

4. ಕೆಳಗಿನ ಮೂರನೆಯ ಒಂದು ಪಾಲು. ಕಲ್ಲು ಸಿಡಿಯುವುದು, ಕೆಸರು ಹಾರುವುದು, ಲಂಟಾನದ ಮುಳ್ಳು ಗೀರುವುದು ಇಲ್ಲಿಗೇ. ಈ ಭಾಗಕ್ಕೆ ಚಿತ್ರ, ಸಂಖ್ಯೆ ಯಾವುದೂ ಬೇಡ. ಖಾಲಿ ಬಿಡುವುದು ಅಥವಾ ಬೇರೆ ತುಂಡಾಗಿ ಒಂದೇ ಬಣ್ಣದ ಪಟ್ಟಿ ಹಾಕುವುದು ಲೇಸು. ಕೆಟ್ಟಾಗ ಆ ಪಟ್ಟಿಯೊಂದನ್ನೇ ಬದಲಾಯಿಸಬಹುದು.

5. ಬಣ್ಣ. ನಕ್ಷೆಯನ್ನು ಕಪ್ಪು ಬಿಳುಪಿನಲ್ಲಿ ಒಮ್ಮೆ ಮುದ್ರಿಸಿ ನೋಡಿ. ಅಕ್ಷರ ಎದ್ದು ಕಂಡರೆ ಸರಿ, ಹಿನ್ನೆಲೆಯಲ್ಲಿ ಕರಗಿದರೆ ಬಣ್ಣ ಬದಲಾಯಿಸಿ. ಹಸಿರಿನ ಮೇಲೆ ಕೆಂಪು ಅಕ್ಷರ ಗಿಡದಲ್ಲಿ ಕಾಫಿ ಹಣ್ಣಿನಂತೆ ಅಂದವಾಗಿ ಕಂಡೀತು, ಆದರೆ ಸಂಜೆ ಬೆಳಕಿನಲ್ಲಿ ಓದಲಾಗದು. ಹೊಳಪಿಲ್ಲದ ಮ್ಯಾಟ್ ಹಾಳೆ ನೋಡಲು ಗಂಭೀರ. ಆದರೆ ಕೆಸರು, ಎಣ್ಣೆ, ಅಡಿಕೆ ಚೊಗರಿನ ಕಲೆ ಅದರಿಂದ ಸುಲಭವಾಗಿ ಬಿಡುವುದಿಲ್ಲ. ನಮಗೆ ಹೊಳಪಿನದೇ ಅನುಕೂಲ.

6. ಚಿತ್ರದ ಸ್ಪಷ್ಟತೆ. ಫೋನಿನಲ್ಲಿ ಬಂದ ಸಣ್ಣ ಚಿತ್ರವನ್ನು ನಾಲ್ಕಡಿಗೆ ಹಿಗ್ಗಿಸಿದರೆ ಚೌಕಚೌಕವಾಗಿ ಒಡೆಯುತ್ತದೆ. ಪೂರ್ಣ ಅಳತೆಯಲ್ಲಿ ಅಂಗುಲಕ್ಕೆ ನೂರು ಚುಕ್ಕೆಯಾದರೂ ಸಿಗುವಷ್ಟು ದೊಡ್ಡ ಮೂಲಚಿತ್ರ ಬೇಕು. ಕಾಫಿ, ಅಡಿಕೆ ಚಿತ್ರಗಳನ್ನು ಬೆಳೆಗಾರರೇ ಒಮ್ಮೆ ನೋಡಲಿ. ಕಾಫಿ ಎಲೆಗಳು ಕೊಂಬೆಯಲ್ಲಿ ಎದುರುಬದುರಾಗಿರುತ್ತವೆ, ಅಡಿಕೆ ಗೊನೆ ಹೊರಡುವುದು ಹಾಳೆಯ ಬುಡದಿಂದ. ಇದು ತಪ್ಪಿದರೆ ಬೆಳೆಗಾರರ ಸಂಘದ ಹೆಸರಿಗೆ ನಗೆಪಾಟಲು.

ಕಾಯ್ದೆಯ ಮಾತು

ಇದರಲ್ಲಿ ಉದಾಸೀನ ಸಲ್ಲದು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ ನೋಂದಣಿ ಪತ್ರದ ವಿವರಕ್ಕೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಬಣ್ಣವೂ ಆ ಪತ್ರದಲ್ಲಿ ನಮೂದಾಗಿರುವ ವಿವರ. ಬಿಳಿ ವ್ಯಾನನ್ನು ಪೂರ್ತಿ ಹಸಿರು ಹಾಳೆಯಿಂದ ಮುಚ್ಚಿದರೆ ತಪಾಸಣೆಯಲ್ಲಿ ಪತ್ರವೊಂದು, ಗಾಡಿಯೊಂದು ಆಗುತ್ತದೆ. ಪೂರ್ತಿ ಬಣ್ಣ ಬದಲಾಗುವ ಕೆಲಸವಿದ್ದರೆ ಮೊದಲೇ ಆರ್.ಟಿ.ಓ. ಕಚೇರಿಗೆ ಅರ್ಜಿ ಕೊಟ್ಟು ಪತ್ರದಲ್ಲಿ ನಮೂದು ಮಾಡಿಸಬೇಕು. 2019ರ ತಿದ್ದುಪಡಿಯ ನಂತರ ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕನಿಗೆ ಪ್ರತಿಯೊಂದಕ್ಕೂ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಎರಡನ್ನೂ ವಿಧಿಸಲು ಅವಕಾಶ ಇದೆ.

ಜೀಪಿನ ಹವ್ಯಾಸಿಗಳಿಗೆ ಸೈನ್ಯದ ಹಸಿರು ಬಣ್ಣವೆಂದರೆ ಬಲು ಪ್ರೀತಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 121ನೆಯ ನಿಯಮದಂತೆ ಆಲಿವ್ ಹಸಿರು ಬಣ್ಣವು ರಕ್ಷಣಾ ಇಲಾಖೆಯ ವಾಹನಗಳಿಗೆ ಮೀಸಲು. ಆ ಬಣ್ಣದ ಹಾಳೆಯನ್ನು ನಕ್ಷೆಯಿಂದ ತೆಗೆದುಹಾಕುವಂತೆ ಹುಡುಗರಿಗೆ ಹೇಳಿದ್ದೇವೆ.

ಗಾಜಿನ ಮೇಲೆ ಚಿತ್ರ ಬೇಡ. ಮುಂದಿನ ಮತ್ತು ಹಿಂದಿನ ಗಾಜಿನಲ್ಲಿ ಶೇ. 70, ಬದಿಯ ಗಾಜಿನಲ್ಲಿ ಶೇ. 50 ಬೆಳಕು ಹಾಯಲೇಬೇಕೆಂದು ನಿಯಮ ಇದೆ. 2012ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಕಪ್ಪು ಫಿಲ್ಮುಗಳ ವಿಷಯದಲ್ಲಿ ಕಟ್ಟುನಿಟ್ಟಿನ ಆದೇಶ ನೀಡಿದ್ದು ಎಲ್ಲರಿಗೂ ತಿಳಿದದ್ದೇ. ಮುದ್ರಿಸಿದ ಚಿತ್ರದ ಹಾಳೆ ಈ ಅಳತೆಯನ್ನು ಮುಟ್ಟುವುದಿಲ್ಲ. ನಂಬರು ಫಲಕ, ದೀಪ, ಬೆಳಕು ಪ್ರತಿಫಲಿಸುವ ಪಟ್ಟಿಗಳನ್ನು ಎಳ್ಳಷ್ಟೂ ಮುಚ್ಚಬಾರದು. ಅಶೋಕಸ್ತಂಭದ ಸಿಂಹ ಲಾಂಛನವಾಗಲಿ, ಸರ್ಕಾರದ ಗಂಡಭೇರುಂಡ ಲಾಂಛನವಾಗಲಿ, ಪೊಲೀಸು ಮುಂತಾದ ಬರಹವಾಗಲಿ ಬೇಡ. ಪ್ರಾಯೋಜಕರ ಜಾಹೀರಾತು ಹಾಕುವುದಾದರೆ, ಅದರಲ್ಲೂ ಬಾಡಿಗೆ ಗಾಡಿಯಾದರೆ, ಅನುಮತಿಯ ವಿಷಯವನ್ನು ಮೊದಲು ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸಬೇಕು. ವಿಮಾ ಕಂಪನಿಗೂ ಒಂದು ಪತ್ರ ಬರೆದಿಡುವುದು ಕ್ಷೇಮ.

ಎಷ್ಟು ಹಾಳೆ ಬೇಕು?

ಹಾಳೆಯ ಸುರುಳಿ ಸಾಮಾನ್ಯವಾಗಿ 1.52 ಮೀಟರು ಅಗಲದ್ದು. ಈಕೋ ವ್ಯಾನಿನ ಉದ್ದ 3.675 ಮೀಟರು, ಅಗಲ 1.475 ಮೀಟರು. ತುದಿಗಳಲ್ಲಿ ಮಡಚಲು ಸುಮಾರು ಒಂದಡಿ ಹೆಚ್ಚು ಹಿಡಿದರೆ ಒಂದು ಬದಿಗೆ 4 ಮೀಟರು ಉದ್ದದ ತುಂಡು ಬೇಕು. ಅಂದರೆ ಸುಮಾರು 65 ಚದರಡಿ, ಎರಡು ಬದಿಗೆ 130. ಹಿಂಬದಿಗೆ ಸುಮಾರು 30. ಒಟ್ಟು 160 ಚದರಡಿ. ಕಿಟಕಿ, ಚಕ್ರಗಳ ಜಾಗದ ಹಾಳೆ ಕತ್ತರಿಸಿ ಹೋದರೂ ಅದಕ್ಕೂ ಹಣ ಕೊಡಲೇಬೇಕು. ಹಾಗಲ್ಲದೆ ಬದಿಗಳ ಹಿಂದಿನ ಅರ್ಧಕ್ಕೆ ಎರಡೆರಡು ಮೀಟರು ಮತ್ತು ಹಿಂಬದಿಗೆ ಮಾತ್ರ ಹೊದಿಸಿದರೆ ಸುಮಾರು 95 ಚದರಡಿಯಲ್ಲಿ ಕೆಲಸ ಮುಗಿಯುತ್ತದೆ. ಬಿಳಿ ಬಣ್ಣವೇ ಹಿನ್ನೆಲೆಯಾಗುತ್ತದೆ, ನೋಂದಣಿ ಪತ್ರದ ಬಣ್ಣವೂ ಉಳಿಯುತ್ತದೆ. ಈ ಅರ್ಧ ಹೊದಿಕೆಯನ್ನೇ ನಾವು ಸಭೆಗೆ ಸೂಚಿಸುತ್ತೇವೆ. ಉಳಿದ ಹಣದಲ್ಲಿ ಕಾಸ್ಟ್ ಹಾಳೆಯನ್ನೇ ಕೊಳ್ಳಬಹುದು.

ಬರೀ ಹೆಸರೂ ಸಂಖ್ಯೆಯೂ ಸಾಕೆನ್ನುವ ಸದಸ್ಯರಿಗೆ ಹೊದಿಕೆಯ ಗೊಡವೆಯೇ ಬೇಡ. ರೇಡಿಯಂ ಅಂಗಡಿಯಲ್ಲಿ ಅಕ್ಷರ ಕತ್ತರಿಸಿ ಅಂಟಿಸಿಕೊಡುತ್ತಾರೆ. ಊರಿನ ಪೇಂಟರಿಂದ ಎನಾಮೆಲ್ ಬಣ್ಣದಲ್ಲಿ ಬರೆಸಿದರೆ ಇನ್ನೂ ಸರಿ, ಆ ವಿದ್ಯೆಯೂ ಉಳಿಯುತ್ತದೆ.

ಅಂಟಿಸುವ ಕ್ರಮ

ಬೋರ್ಡೋ ದ್ರಾವಣಕ್ಕೆ ರಾಳದ ಅಂಟು ಬೆರೆಸಿದರೂ ನೀರು ತೊಟ್ಟಿಕ್ಕುವ ಗೊನೆಗೆ ಹೊಡೆದರೆ ನಿಲ್ಲುವುದಿಲ್ಲ ಎಂಬುದು ನಮಗೆ ಗೊತ್ತು. ಇಲ್ಲಿಯೂ ಹಾಗೆಯೇ, ಅಂಟಿಗಿಂತ ಮೈ ಮುಖ್ಯ. ಸೋಪು ನೀರಿನಲ್ಲಿ ತೊಳೆದು, ಪೂರ್ತಿ ಆರಿಸಿ, ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಜಿಡ್ಡು ಒರೆಸಬೇಕು. ಬಾಗಿಲ ಸಂದು, ಚಕ್ರದ ಕಮಾನಿನ ಒಳಅಂಚುಗಳಲ್ಲಿ ಉಳಿದ ಮಣ್ಣೇ ಮುಂದೆ ಅಂಚು ಏಳಲು ಕಾರಣ. ತುಕ್ಕಿದ್ದರೆ ಮೊದಲು ಅದನ್ನು ತೆಗೆಸಿ. ತುಕ್ಕಿನ ಮೇಲೆ ಹಾಳೆ ಹೊದಿಸುವುದು ಗೆದ್ದಲು ಹಿಡಿದ ಕಂಬಕ್ಕೆ ಬಣ್ಣ ಬಳಿದಂತೆ. ಗಾಡಿಗೆ ಹೊಸದಾಗಿ ಬಣ್ಣ ಹೊಡೆಸಿದ್ದರೆ ಅದು ಪೂರ್ತಿ ಗಟ್ಟಿಯಾಗಲು ಕೆಲವು ವಾರ ಬಿಡಬೇಕು. ಕಾರ್ಖಾನೆಯ ಬಣ್ಣದ ಮೇಲೆ ಹಾಕಿದ ಹಾಳೆ ಸಲೀಸಾಗಿ ಬಿಡುತ್ತದೆ, ಗ್ಯಾರೇಜಿನ ಬಣ್ಣವಾದರೆ ಹಾಳೆಯ ಜೊತೆ ಎದ್ದು ಬರುವ ಅಪಾಯ ಇದೆ.

ಮುದ್ರಿಸಿದ ಹಾಳೆಯ ಶಾಯಿ ಆರಲು ಒಂದು ದಿನವಾದರೂ ಬಿಟ್ಟು ಆಮೇಲೆ ಲ್ಯಾಮಿನೇಷನ್ ಮಾಡಬೇಕು. ಅವಸರ ಮಾಡಿದರೆ ಶಾಯಿಯಲ್ಲಿರುವ ದ್ರಾವಕ ಒಳಗೇ ಸಿಕ್ಕಿಕೊಂಡು ಅಂಟನ್ನು ಕೆಡಿಸುತ್ತದೆ. ಅಂಟಿಸುವ ಜಾಗ ಮುಚ್ಚಿದ ಕೊಠಡಿಯಾಗಿರಲಿ, ಧೂಳಿರಬಾರದು, ತಗಡು ಕಾದಿರಬಾರದು. 20ರಿಂದ 25 ಡಿಗ್ರಿಯ ಹವೆ ಹಿತ. ನಮ್ಮಲ್ಲಿ ಮಳೆಗಾಲದ ತೇವದಲ್ಲಿ ಈ ಕೆಲಸ ಬೇಡ. ಕಾಫಿ ಕೊಯ್ಲು ಮುಗಿದು ಮುಂಗಾರು ಬರುವುದರೊಳಗೆ ಮಾಡಿಸುವುದು ಸೂಕ್ತ. ಅಗರಖೇಡದ ಕಡೆ ಮಾಡಿಸುವವರು ಬೇಸಿಗೆ ಬಿಟ್ಟು ಚಳಿಗಾಲದ ಬೆಳಗನ್ನು ಆರಿಸಿಕೊಳ್ಳಲಿ.

ನಡುವಿನಿಂದ ಹೊರಕ್ಕೆ ಬಟ್ಟೆ ಅಂಚಿನ ಪಟ್ಟಿಯಿಂದ ಒತ್ತುತ್ತಾ ಗಾಳಿಯನ್ನು ಓಡಿಸುತ್ತಾರೆ. ತಗ್ಗುಗಳಲ್ಲಿ ಹಾಳೆಯನ್ನು ಎಳೆದು ಕೂರಿಸಬಾರದು, ಬಿಸಿಗಾಳಿಯ ಯಂತ್ರದಿಂದ ಮೆದು ಮಾಡಿ ಒತ್ತಬೇಕು. ಕೊನೆಯ ಹಂತವೇ ಬಹಳ ಮುಖ್ಯ. ಅಂಚು, ತಗ್ಗುಗಳನ್ನೆಲ್ಲ ಮತ್ತೆ 90 ಡಿಗ್ರಿಯ ಮೇಲಕ್ಕೆ ಕಾಯಿಸಿದರೆ ಹಾಳೆ ತನ್ನ ಹಳೆಯ ಆಕಾರವನ್ನು ಮರೆತು ಹೊಸ ಆಕಾರದಲ್ಲಿ ನಿಲ್ಲುತ್ತದೆ. ಈ ಹಂತ ನೋಟಕ್ಕೆ ಏನೂ ಸೇರಿಸುವುದಿಲ್ಲವಾದ್ದರಿಂದ ಅವಸರದವರು ಬಿಟ್ಟುಬಿಡುತ್ತಾರೆ. ಕೆಲಸ ನಡೆಯುವಾಗ ನಮ್ಮವರೊಬ್ಬರು ಪಕ್ಕದಲ್ಲಿ ನಿಂತು ಇದನ್ನು ಮಾಡಿಸತಕ್ಕದ್ದು.

ಪೋಷಣೆ, ತೆಗೆಯುವುದು

ಹೊದಿಸಿದ ಮೇಲೆ ಒಂದು ವಾರ ತೊಳೆಯಬೇಡಿ. ಆಮೇಲೆ ಮೆದು ಬಟ್ಟೆ, ಸಾದಾ ಸೋಪು ಸಾಕು. ಒತ್ತಡದ ನೀರಿನ ಪಂಪಿನಿಂದ ತೊಳೆಯುವಾಗ ಒಂದಡಿಗಿಂತ ಹತ್ತಿರ ಹಿಡಿಯಬೇಡಿ, ಅಂಚಿಗೆ ನೇರ ಹೊಡೆಯಬೇಡಿ. ಚೆಲ್ಲಿದ ಪೆಟ್ರೋಲು, ಡೀಸೆಲ್, ಹಕ್ಕಿಯ ಹಿಕ್ಕೆ, ಬೋರ್ಡೋ ಹನಿ, ಚೊಗರು ಇವನ್ನು ಆಗಿಂದಾಗ್ಗೆ ಒರೆಸಿ.

ಬಿರಿಯುವವರೆಗೂ ಕಾಯದೆ ಅವಧಿಯೊಳಗೇ ಹಾಳೆಯನ್ನು ತೆಗೆಯಬೇಕು. ಬಿಸಿ ಮಾಡುತ್ತಾ ತಗಡಿಗೆ ಸಮೀಪವಾಗಿ ಬಗ್ಗಿಸಿ ನಿಧಾನವಾಗಿ ಎಳೆದರೆ ಅಂಟಿನ ಸಮೇತ ಬರುತ್ತದೆ. ತೆಗೆದ ಹಾಳೆಯನ್ನು ಹಂಡೆಯ ಒಲೆಗೋ ಅಡಿಕೆ ಗೂಡಿನ ಬೆಂಕಿಗೋ ಹಾಕುವವರುಂಟು. ಪಿ.ವಿ.ಸಿ. ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಎಂಬ ಆಮ್ಲದ ಹೊಗೆಯೂ ಡಯಾಕ್ಸಿನ್ ಎಂಬ ವಿಷವೂ ಹುಟ್ಟುತ್ತವೆ. ಒಲೆಯ ಮುಂದೆ ಕೂತ ಮನೆಯ ಹೆಣ್ಣುಮಕ್ಕಳು, ಗೂಡಿನಲ್ಲಿ ಒಣಗುವ ಅಡಿಕೆ ಎರಡಕ್ಕೂ ಅದು ಕೇಡು. ಅಂಗಡಿಯವರಿಗೇ ಹಿಂದಿರುಗಿಸಿ ಅಥವಾ ಪಂಚಾಯತಿಯ ಕಸದ ಗಾಡಿಗೆ ಕೊಡಿ.

ಸಂಘದ ಹೆಸರು

ಕೊನೆಯದಾಗಿ, ಹಣಕ್ಕಿಂತ ದೊಡ್ಡ ವಿಷಯ. ಹೆಸರಿಲ್ಲದ ಗಾಡಿ ಎಲ್ಲಿ ಹೋದರೂ ಯಾರದ್ದೋ ಗಾಡಿ. ಹೆಸರು ಬರೆದ ಗಾಡಿ ಮಾಡಿದ್ದೆಲ್ಲ ಹೆಸರಿನವರ ಲೆಕ್ಕಕ್ಕೆ. ಮಳೆಗಾಲದಲ್ಲಿ ಜೀಪುಗಳು ಮಣ್ಣಿನ ದಾರಿಯನ್ನು ಅರೆದುಹಾಕಿ, ಚಕ್ರದ ಜಾಡಿನಲ್ಲಿ ನೀರು ಹರಿದು ಕೊರಕಲು ಬಿದ್ದು, ಕೆಳಗಿನ ಸಣ್ಣ ಹಿಡುವಳಿದಾರರ ತೋಟಕ್ಕೆ ಮಣ್ಣು ನುಗ್ಗಿದ ದೂರುಗಳು ಕಚೇರಿಗೆ ಬಂದಿವೆ. ಅಭಯಾರಣ್ಯದೊಳಗೆ ಅನುಮತಿಯಿಲ್ಲದೆ ಹೋಗುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಮತ್ತೊಂದು ಕಡೆ, ಗುಡ್ಡ ಜರಿದ ದಿನ ಇದೇ ಹುಡುಗರು ಬೇಕಾಗುತ್ತಾರೆ. ಅವರನ್ನು ದೂರ ತಳ್ಳುವುದೂ ತರವಲ್ಲ.

ಆದ್ದರಿಂದ ಈ ಕರಾರುಗಳ ಮೇಲೆ ಸಂಘದ ಹೆಸರನ್ನೂ ಪಾಲಿನ ಹಣವನ್ನೂ ಕೊಡಬಹುದೆಂದು ನಮ್ಮ ಅಭಿಪ್ರಾಯ: ತೋಟದ ದಾರಿಗೆ ಮಾಲೀಕರ ಒಪ್ಪಿಗೆ ಇರಬೇಕು, ಜೂನಿನಿಂದ ಸೆಪ್ಟೆಂಬರಿನವರೆಗೆ ಮಣ್ಣಿನ ದಾರಿಯಲ್ಲಿ ಹವ್ಯಾಸದ ಓಡಾಟ ಇರಬಾರದು, ವಿಪತ್ತಿನ ಕಾಲದಲ್ಲಿ ವ್ಯಾನು ಮತ್ತು ಜೀಪುಗಳು ಸಂಘದ ಕರೆಗೆ ಬರಬೇಕು, ಲೈಸೆನ್ಸು, ವಿಮೆಗಳ ಪ್ರತಿ ಕಚೇರಿಯಲ್ಲಿರಬೇಕು, ಕರಾರು ಮುರಿದರೆ ಸಂಘದ ಹೆಸರಿನ ತುಂಡನ್ನು ತೆಗೆದುಬಿಡಬೇಕು. ಈ ಕಾರಣಕ್ಕಾಗಿಯೇ ಸಂಘದ ಹೆಸರನ್ನು ಚಿತ್ರದೊಳಗೆ ಮುದ್ರಿಸದೆ, ಕಿತ್ತರೆ ಬೇರೆಯದು ಕೆಡದಂತೆ ಪ್ರತ್ಯೇಕ ತುಂಡಾಗಿ ಅಂಟಿಸಲು ಸೂಚಿಸಿದ್ದೇವೆ.

ತಿದ್ದಿದ ನಕ್ಷೆ ಮತ್ತು ಎರಡೂ ಜಾತಿಯ ಹಾಳೆಯ ಮಾದರಿ ತುಂಡುಗಳನ್ನು ಸಂಘದ ಕಚೇರಿಯಲ್ಲಿ ಇರಿಸಲಾಗಿದೆ. ಸದಸ್ಯರು ಬಂದು ಬೆರಳಲ್ಲಿ ಎಳೆದು, ಬಿಸಿಲಿಗೆ ಹಿಡಿದು ನೋಡಬಹುದು. ಕೊಳೆರೋಗದ ಸಿಂಪಡಣೆಯ ಕೆಲಸದಲ್ಲಿ ಸಭೆಗೆ ಬರಲಾಗದವರು ತಮ್ಮ ಅಭಿಪ್ರಾಯವನ್ನು ಬರೆದು ಕಳಿಸಿದರೆ ಸಭೆಯಲ್ಲಿ ಓದಲಾಗುವುದು.